ಪೊಲೀಸರ ವಕೀಲ ಯಾರ ಋಣಿ?

ಪೊಲೀಸ್ ಇಲಾಖೆಗೆ ಸಲಹೆ ಕೊಡುವ, ಅದರ ಪರ ವಾದಿಸುವ ವಕೀಲನ ಧರ್ಮ ಯಾವುದು? ಕಕ್ಷಿದಾರನನ್ನು ಕಾಯುವುದು ಎಂಬ ಉತ್ತರ ಸಾಲದು. ಇಲ್ಲಿ ಕಕ್ಷಿದಾರನ ಕೈಯಲ್ಲಿ ಲಾಠಿಯೂ ಲಾಕಪ್ಪಿನ ಬೀಗದ ಕೈಯೂ ಇವೆ. ಈ ಅಪಾಯವನ್ನು ನಮ್ಮ ಕಾನೂನು ಬಲ್ಲದು. 1973ರ ದಂಡ ಪ್ರಕ್ರಿಯಾ ಸಂಹಿತೆ ಪೊಲೀಸ್ ಅಧಿಕಾರಿಯನ್ನು ಸಾಮಾನ್ಯವಾಗಿ ಸಹಾಯಕ ಸರ್ಕಾರಿ ಅಭಿಯೋಜಕನ ಹುದ್ದೆಯಿಂದ ದೂರವಿಟ್ಟಿತು. 1995ರಲ್ಲಿ ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ ಈ ಅಭಿಯೋಜಕರನ್ನು ಪೊಲೀಸ್ ಇಲಾಖೆಯ ಹಿಡಿತದಿಂದ ಬಿಡಿಸಲು ಹೇಳಿತು. 2000ದಲ್ಲಿ ಅದೇ ಕೋರ್ಟಿನ ತೀರ್ಪೊಂದು ಇನ್ನೊಂದು ಬದಿಗೂ ಗೆರೆ ಎಳೆಯಿತು: ದೋಷಾರೋಪ ಪಟ್ಟಿಯ ತೀರ್ಮಾನ ತನಿಖಾಧಿಕಾರಿಯದು, ಅಭಿಯೋಜಕರ ಅಭಿಪ್ರಾಯ ಪಡೆದೇ ಸಲ್ಲಿಸೆಂದು ನ್ಯಾಯಾಲಯ ಆದೇಶಿಸುವಂತಿಲ್ಲ.

ಕೊಲೆ ಆರೋಪಿಗೂ ವಕೀಲನಿರುವಾಗ ಪೊಲೀಸರಿಗೇಕೆ ಅರೆಮನಸ್ಸಿನ ವಕೀಲ ಎಂದು ಕೇಳಬಹುದು. ಆರೋಪ ಹೊತ್ತ ಪೇದೆಗೆ ಪೂರ್ಣಮನಸ್ಸಿನ ವಕೀಲ ಸಿಗಲೇಬೇಕು. ಪಣಕ್ಕಿರುವುದು ಅವನ ಸ್ವಾತಂತ್ರ್ಯ. ಇಲಾಖೆ ಮಾತ್ರ ವ್ಯಕ್ತಿಯಲ್ಲ. ಕಾನೂನಿನಿಂದಲೇ ಹುಟ್ಟಿದ ಅದಕ್ಕೆ ಕಾನೂನು ಮೀರಿದ ಹಿತವೆಂಬುದಿಲ್ಲ. ಹಾಗಾಗಿ ಅದರ ವಕೀಲ ಮೊದಲು ಋಣಿ ಕಾನೂನಿಗೆ, ಅನ್ನ ಕೊಟ್ಟವರಿಗಲ್ಲ. ಮಹಾಭಾರತದ ಕುರುಸಭೆಯನ್ನು ನೋಡಿ: ಭೀಷ್ಮನೂ ವಿದುರನೂ ಉಂಡದ್ದು ಒಂದೇ ಅರಮನೆಯ ಅನ್ನ. ದ್ರೌಪದಿಯ ಪ್ರಶ್ನೆಗೆ ಭೀಷ್ಮ ಧರ್ಮ ಸೂಕ್ಷ್ಮವೆಂದು ಜಾರಿಕೊಂಡ (ವಕೀಲರಿಗೆ ಚಿರಪರಿಚಿತ ಉತ್ತರ!), ವಿದುರ ಎದುರಾಡಿದ. ವಿದುರನ ಮಾತಿನಿಂದ ಏನು ನಿಂತಿತು ಎಂದರೆ, ಏನೂ ಇಲ್ಲ. ಆದರೆ ಸಲಹೆಗಾರನ ಹೊಣೆ ಇರುವುದು ಹೇಳುವುದರಲ್ಲಿ, ಫಲದಲ್ಲಲ್ಲ. ಬಂಧಿತನನ್ನು, ಪ್ರಯಾಣದ ಹೊತ್ತು ಬಿಟ್ಟು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಿಲ್ಲವೆಂದು ಕಡತದಲ್ಲಿ ಕಂಡೂ ಅದನ್ನು ಮುಚ್ಚುವ ದಾರಿ ಹುಡುಕಿಕೊಡುವ ವಕೀಲ ಬಂಧಿತನಿಗಷ್ಟೇ ಅಲ್ಲ, ಇಲಾಖೆಗೂ ದ್ರೋಹಿಯೇ.