ನೋವಿಗೆ ಒಬ್ಬರೇ ಸಾಕ್ಷಿ

ಆಳಂದ, ಅಫಜಲಪುರ, ಜೇವರ್ಗಿ ಕಡೆಯ ಯಾವ ಊರಲ್ಲಾದರೂ ಹೈಸ್ಕೂಲ್ ಹುಡುಗರ ಕಬಡ್ಡಿ ನೋಡಿ. ರೇಡಿಗೆ ಹೋದವನು ಗೆರೆಯತ್ತ ತಿರುಗುವ ಹೊತ್ತಿಗೆ ಒಬ್ಬ ಕಣಕಾಲು ಹಿಡಿಯುತ್ತಾನೆ, ಇನ್ನೊಬ್ಬ ತೊಡೆಯ ಮೇಲೆ ಬೀಳುತ್ತಾನೆ. ಪಾದ ನೆಲಕ್ಕೆ ಊರಿದ್ದಂತೆಯೇ ಮೈ ತಿರುಗಿಬಿಡುತ್ತದೆ. ಮೊಣಕಾಲಿನೊಳಗೆ ಟಕ್ ಎಂದದ್ದು ಅವನಿಗಷ್ಟೇ ಗೊತ್ತಾಗುತ್ತದೆ. ನೆರೆದವರು ಮೊದಲು ಕೇಳುವುದು, ‘ಆಡ್ತಿ ಏನೋ?’ ಅವನ ಉತ್ತರವೂ ತಯಾರಿರುತ್ತದೆ: ‘ಏನೂ ಆಗಿಲ್ರಿ ಸರ, ಆಡ್ತೀನ್ರಿ.’

ಗಾಯಗೊಂಡ ಮಕ್ಕಳಿಗೆ ಆಸರೆಯಾಗುವುದೆಂದರೆ ಧೈರ್ಯ ಹೇಳುವುದು ಎಂದು ನಾವು ತಿಳಿದಿದ್ದೇವೆ. ಆ ಹುಡುಗನಿಗೆ ಧೈರ್ಯದ ಕೊರತೆ ಎಲ್ಲಿದೆ? ‘ನೋಯ್ತದ’ ಎಂದು ಹೇಳಿಯೂ ಏನನ್ನೂ ಕಳೆದುಕೊಳ್ಳದೆ ಇರಬಹುದು ಎಂಬ ಭರವಸೆ ಅವನಿಗಿಲ್ಲ. ಅದನ್ನು ಕೊಡುವುದೇ ಹಿರಿಯರ ಮುಖ್ಯ ಕೆಲಸ, ಉಳಿದದ್ದೆಲ್ಲ ಆಮೇಲಿನದು ಎಂಬುದು ನನ್ನ ವಾದ.

ನೋವಿಗೆ ಒಬ್ಬರೇ ಸಾಕ್ಷಿ. ಬಾವು ಕಣ್ಣಿಗೆ ಕಾಣುತ್ತದೆ, ಹರಿದ ಅಸ್ಥಿರಜ್ಜು ಎಂಆರ್‌ಐಯಲ್ಲಿ ಕಾಣುತ್ತದೆ. ಆದರೆ ಮೆಟ್ಟಿಲು ಇಳಿಯುವಾಗ ಮೊಣಕಾಲು ಕೈಕೊಟ್ಟಂತಾಗುವುದು, ರಾತ್ರಿ ಮಗ್ಗಲು ಬದಲಿಸಿದಾಗ ಎಚ್ಚರವಾಗುವುದು ಯಾವ ಯಂತ್ರದಲ್ಲೂ ಕಾಣದು. ವೈದ್ಯರು, ಫಿಸಿಯೋಥೆರಪಿಸ್ಟ್, ಪಿ.ಟಿ. ಮಾಸ್ತರರು, ತಾಯಿತಂದೆ ಎಲ್ಲರ ತೀರ್ಮಾನವೂ ಆ ಒಬ್ಬ ಸಾಕ್ಷಿಯ ಮಾತಿನ ಮೇಲೆ ನಿಂತಿದೆ. ನಿಜ ಹೇಳಿದರೆ ನಷ್ಟವಾಗುವ ಹಾಗೆ ನಾವೇ ವ್ಯವಸ್ಥೆ ಮಾಡಿಟ್ಟರೆ ಆ ಸಾಕ್ಷಿ ಸುಳ್ಳು ಹೇಳುತ್ತದೆ. ಅದರಲ್ಲಿ ಮಗುವಿನ ತಪ್ಪೇನಿದೆ? ಕ್ರೀಡಾ ವಸತಿ ನಿಲಯದ ಸೀಟು ಹೋದೀತು ಎಂಬ ಭಯ, ಮುಂದೆ ಪೊಲೀಸ್ ನೇಮಕಾತಿಗೆ ಬೇಕಾದ ಸರ್ಟಿಫಿಕೇಟು ತಪ್ಪೀತು ಎಂಬ ಲೆಕ್ಕ, ತನ್ನ ಜಾಗಕ್ಕೆ ಇನ್ನೊಬ್ಬ ಬಂದಾನು ಎಂಬ ಅಳುಕು. ಮಳೆ ನಂಬಿ ತೊಗರಿ ಬಿತ್ತುವ ಮನೆಯ ಹುಡುಗನಿಗೆ ಇವು ಸಣ್ಣ ಸಂಗತಿಗಳಲ್ಲ.

ಇದರ ಮೇಲೆ ನಮ್ಮ ಹೊಗಳಿಕೆ ಬೇರೆ. 2024ರ ಸೆಪ್ಟೆಂಬರ್‌ನಲ್ಲಿ ಬ್ರಸೆಲ್ಸ್‌ನ ಡೈಮಂಡ್ ಲೀಗ್ ಫೈನಲ್‌ನಲ್ಲಿ ನೀರಜ್ ಚೋಪ್ರಾ ಎಡಗೈ ಮೂಳೆ ಮುರಿದಿದ್ದರೂ ಜಾವೆಲಿನ್ ಎಸೆದು ಎರಡನೆಯವರಾದರು. ಮುರಿದದ್ದನ್ನು ಅವರೇ ಆಮೇಲೆ ತಿಳಿಸಿದರು. ನಾವೆಲ್ಲ ಹೆಮ್ಮೆಪಟ್ಟೆವು, ಹೆಮ್ಮೆಪಡುವಂಥದ್ದೇ. ಆದರೆ ಚೋಪ್ರಾ ಎಸೆಯುವುದು ಬಲಗೈಯಲ್ಲಿ, ಜೊತೆಗೆ ನೆರವಿಗೆ ತಂಡವಿತ್ತು, ಅಪಾಯ ಎಷ್ಟೆಂದು ತಿಳಿದು ಒಪ್ಪಿಕೊಂಡ ವಯಸ್ಕರು ಅವರು. ಹದಿನಾಲ್ಕರ ಹುಡುಗನಿಗೆ ಇದ್ಯಾವುದೂ ಇಲ್ಲ. ಪತ್ರಿಕೆಯ ಆ ಸುದ್ದಿಯಿಂದ ಅವನು ಕಲಿಯುವುದು ಒಂದೇ: ನೋವು ಮುಚ್ಚಿಟ್ಟವನೇ ಗಂಡು.

ಹೀಗೆ ನೋವನ್ನು ಕೇಳುತ್ತ ಕೂತರೆ ಮಕ್ಕಳು ಮೆತ್ತಗಾಗುತ್ತಾರೆ ಎಂಬ ಆಕ್ಷೇಪ ಬರುತ್ತದೆ. ಅದನ್ನು ತಳ್ಳಿಹಾಕಲು ನಾನು ಸಿದ್ಧನಿಲ್ಲ. ಮೈ ನೋಯದೆ ಯಾವ ಆಟವೂ ಬರುವುದಿಲ್ಲ, ಗರಡಿಯಲ್ಲಿ ಸಾಮು ಮಾಡಿದ ಹಿರಿಯರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಆದರೆ ಮರುದಿನ ತೊಡೆ ಬಿಗಿಯುವ ನೋವೇ ಬೇರೆ, ಕೀಲಿನೊಳಗೆ ಚುಚ್ಚುವ ನೋವೇ ಬೇರೆ. ಮೊದಲನೆಯದನ್ನು ತಾಳಿಕೊಳ್ಳಬೇಕು, ಎರಡನೆಯದನ್ನು ಕೂಡಲೇ ಹೇಳಬೇಕು. ಈ ವ್ಯತ್ಯಾಸ ತಿಳಿಯಬೇಕಾದರೆ ಅದನ್ನು ದಿನಾ ಯಾರ ಮುಂದಾದರೂ ಮಾತಾಗಿಸಬೇಕು. ಹೇಳಿದಾಗಲೆಲ್ಲ ಬೈಸಿಕೊಂಡ ಹುಡುಗ ಎರಡೂ ನೋವನ್ನು ಒಂದೇ ಗಂಟು ಕಟ್ಟಿ ನುಂಗುತ್ತಾನೆ.

ಇಲ್ಲೊಂದು ತೊಡಕಿದೆ. ಈ ಸಾಕ್ಷಿ ಸುಳ್ಳು ಹೇಳದೆಯೂ ತಪ್ಪಬಹುದು. ಮೊಣಕಾಲಿನ ಎಸಿಎಲ್ ಎಂಬ ಅಸ್ಥಿರಜ್ಜು ಹರಿದು ಶಸ್ತ್ರಚಿಕಿತ್ಸೆಯಾದರೆ, ಸಾಮಾನ್ಯವಾಗಿ ಆಟಗಾರನ ಮೈಯಿಂದಲೇ ತೆಗೆದ ಸ್ನಾಯುರಜ್ಜುವನ್ನು ಅಲ್ಲಿ ಕೂರಿಸುತ್ತಾರೆ. ಅದಕ್ಕೆ ಹೊಸದಾಗಿ ರಕ್ತ ಹರಿಯಬೇಕು, ಒಳಗಿನ ನಾರು ಮತ್ತೆ ಹೆಣೆದುಕೊಳ್ಳಬೇಕು. ಎರಡು ಮೂರು ತಿಂಗಳಿಗೆ ಬಾವು ಇಳಿದು, ನೋವು ಹೋಗಿ, ಹುಡುಗ ಓಡಾಡಲು ಶುರುಮಾಡುತ್ತಾನೆ. ಒಳಗಿನ ಹೊಸ ಕಟ್ಟು ತೀರ ದುರ್ಬಲವಾಗಿರುವುದು ಆ ದಿನಗಳಲ್ಲೇ. ‘ಈಗ ಬ್ಯಾನಿ ಇಲ್ಲ’ ಎಂಬ ಮಾತು ಪೂರ್ತಿ ನಿಜ, ಆದರೂ ಅದನ್ನು ನಂಬಿ ಅಂಗಳಕ್ಕೆ ಇಳಿಸುವಂತಿಲ್ಲ. ಶಸ್ತ್ರಚಿಕಿತ್ಸೆಯ ನಂತರ ಒಂಬತ್ತು ತಿಂಗಳವರೆಗೆ ಆಟಕ್ಕೆ ಮರಳುವುದನ್ನು ಒಂದೊಂದು ತಿಂಗಳು ಮುಂದೂಡಿದಂತೆ ಮರುಗಾಯದ ಪ್ರಮಾಣ 51%ರಷ್ಟು ಇಳಿಯುತ್ತ ಹೋಯಿತು ಎಂದು 2016ರಲ್ಲಿ ಪ್ರಕಟವಾದ ನಾರ್ವೆಯ ಅಧ್ಯಯನವೊಂದು ತೋರಿಸಿತು.

ಅಂದರೆ ಒಂದು ಹಂತದಲ್ಲಿ ಮಗು ತನ್ನ ಮೈ ಹೇಳುವುದನ್ನು ಬಿಟ್ಟು ಬೇರೆಯವರ ಮಾತು ನಂಬಬೇಕಾಗುತ್ತದೆ. ಮೈ ಆಡು ಎನ್ನುತ್ತಿದೆ, ಗೆಳೆಯರು ಬಾ ಎನ್ನುತ್ತಿದ್ದಾರೆ, ವೈದ್ಯರು ಮಾತ್ರ ಇನ್ನೂ ಆರು ತಿಂಗಳು ಎನ್ನುತ್ತಾರೆ. ಆ ಆರು ತಿಂಗಳನ್ನು ಅವನು ಏಕೆ ಒಪ್ಪಬೇಕು? ಮೊದಲ ದಿನ ಅವನು ‘ನೋಯ್ತದ’ ಎಂದಾಗ ನಾವು ನಂಬಿದ್ದರೆ ಮಾತ್ರ, ಈಗ ‘ನೋಯದಿದ್ದರೂ ಬ್ಯಾಡ’ ಎಂಬ ನಮ್ಮ ಮಾತಿಗೆ ಬೆಲೆ ಬರುತ್ತದೆ. ನಂಬಿಕೆಯ ಈ ಲೇವಾದೇವಿಯಲ್ಲಿ ಮೊದಲು ಕೊಡಬೇಕಾದವರು ದೊಡ್ಡವರು.

ಮನೆಯಲ್ಲಿ ಇದು ಹೇಗಿರುತ್ತದೆ? ನಮ್ಮ ಬದುಕೆಲ್ಲ ನೆಲದ ಮೇಲೆ. ರೊಟ್ಟಿ ಉಣ್ಣುವುದು ಚಕ್ಕಳಮಕ್ಕಳ ಹಾಕಿ, ಶೌಚಕ್ಕೆ ಕೂರುವುದು ಕುಕ್ಕರುಗಾಲಿನಲ್ಲಿ. ಶಸ್ತ್ರಚಿಕಿತ್ಸೆಯಾದ ಮೊಣಕಾಲಿಗೆ ತಿಂಗಳುಗಟ್ಟಲೆ ಇವೆರಡೂ ಬೇಡ. ಹಾಗಾಗಿ ಮನೆಮಂದಿಯೆಲ್ಲ ಕೆಳಗೆ ಕೂತಾಗ ಹುಡುಗ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ತಟ್ಟೆ ತೊಡೆಯ ಮೇಲೆ. ಅಜ್ಜ ನೆಲದ ಮೇಲಿರುವಾಗ ತಾನು ಎತ್ತರದಲ್ಲಿ ಕೂತು ಉಣ್ಣುವುದು ಅವನಿಗೆ ತುತ್ತು ಇಳಿಯದಂಥ ಮುಜುಗರ. ಅಜ್ಜ ಇನ್ನೊಂದು ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತರೆ ಅದು ಹತ್ತು ಸಮಾಧಾನದ ಮಾತಿಗಿಂತ ದೊಡ್ಡದು. ಊಟವಾದ ಮೇಲೆ ಕಾಲು ಚಾಚಿ, ಮೊಣಕಾಲಿನ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತಿ ಹಿಡಿಯುವ ವ್ಯಾಯಾಮ. ಹಿಡಿ, ಬಿಡು, ಮತ್ತೆ ಹಿಡಿ. ನೋಡುವವರಿಗೆ ಅಲ್ಲಿ ಏನೂ ನಡೆಯುತ್ತಿಲ್ಲ. ತಾಯಿ ಪಕ್ಕದಲ್ಲಿ ಕೂತು ಎಣಿಸಿದರೆ ಅದು ಕೆಲಸವಾಗುತ್ತದೆ, ಇಲ್ಲದಿದ್ದರೆ ನಾಲ್ಕು ದಿನಕ್ಕೆ ನಿಲ್ಲುತ್ತದೆ. ಬಾವು ಬಂದ ಹೊಸದರಲ್ಲಿ ಬಿಸಿ ಎಣ್ಣೆ ಹಾಕಿ ತಿಕ್ಕಿಸುವುದು ಮಾತ್ರ ಬೇಡ, ಬಾವು ಹೆಚ್ಚುತ್ತದೆ. ಪರೀಕ್ಷೆಗೋ ಫಿಸಿಯೋಥೆರಪಿಗೋ ಕಲಬುರಗಿಗೆ ಬಸ್ ಹತ್ತಬೇಕು. ಹೋಗಿಬರುವುದೆಂದರೆ ಜೊತೆಗೆ ಬಂದವರ ಒಂದು ದಿನದ ಕೂಲಿಯೂ ಹೋದಂತೆ. ಆ ಕೂಲಿ ಹೋಯಿತೆಂದು ಮನೆಯಲ್ಲಿ ಯಾರಾದರೂ ಒಮ್ಮೆ ಗೊಣಗಿದರೆ ಸಾಕು, ಮುಂದಿನ ವಾರ ಹುಡುಗ ‘ಆರಾಮ ಆಗ್ಯಾದ’ ಎಂದುಬಿಡುತ್ತಾನೆ.

ಹುಡುಗಿಯರ ವಿಷಯದಲ್ಲಿ ನಿಜದ ಬೆಲೆ ಇನ್ನೂ ಹೆಚ್ಚು. ಒಂದೇ ಆಟ ಆಡಿದರೂ ಎಸಿಎಲ್ ಗಾಯ ಹುಡುಗರಿಗಿಂತ ಹುಡುಗಿಯರಿಗೇ ಹೆಚ್ಚು. ಒಮ್ಮೆ ಬಿದ್ದಳೆಂದರೆ ‘ಸಾಕಿನ್ನ, ಆಟ ಬಿಡಸ್ರಿ’ ಎನ್ನಲು ಬಳಗವೆಲ್ಲ ಕಾದಿರುತ್ತದೆ. ಆದ್ದರಿಂದ ಅವಳು ತಾಯಿಯಿಂದಲೂ ಮುಚ್ಚಿಡುತ್ತಾಳೆ. ಕಲಬುರಗಿಯವರು ನಮ್ಮ ಹುಡುಗಿ ಎನ್ನುವ ಕ್ರಿಕೆಟ್ ಆಟಗಾರ್ತಿ ಶ್ರೇಯಾಂಕಾ ಪಾಟೀಲ್ 2024ರ ಮಹಿಳಾ ಪ್ರೀಮಿಯರ್ ಲೀಗ್‌ನಲ್ಲಿ (ಡಬ್ಲ್ಯುಪಿಎಲ್) 13 ವಿಕೆಟ್ ಪಡೆದು ಆರ್‌ಸಿಬಿ ಕಪ್ ಗೆಲ್ಲಲು ಕಾರಣರಾದರು. ಅದೇ ವರ್ಷ ಏಷ್ಯಾ ಕಪ್‌ನಲ್ಲಿ ಬೆರಳು ಮುರಿಯಿತು. ಗಾಯದಿಂದಾಗಿ 2025ರ ಡಬ್ಲ್ಯುಪಿಎಲ್ ಪೂರ್ತಿ ತಪ್ಪಿತು. ಆಮೇಲೆ ಮರಳಿ ಬಂದರು. ಅವರು ಪಡೆದ ವಿಕೆಟ್ಟುಗಳ ಕಥೆಯ ಜೊತೆಗೆ ಆಡದೆ ಕಳೆದ ಆ ತಿಂಗಳುಗಳ ಕಥೆಯನ್ನೂ ನಮ್ಮ ಶಾಲೆಗಳಲ್ಲಿ ಹೇಳಬೇಕು. ಗಾಯ ಹೇಳಿಕೊಂಡು ಕೂತವಳು ಆಟದಿಂದ ಹೊರಗಾಗಲಿಲ್ಲ ಎಂಬುದು ಹುಡುಗಿಗೂ ಅವಳ ಅಪ್ಪನಿಗೂ ಒಟ್ಟಿಗೆ ಕೇಳಿಸಬೇಕು.

ಪಿ.ಟಿ. ಮಾಸ್ತರರ ಕೈಯಲ್ಲೂ ಸಾಕಷ್ಟಿದೆ. ಗಾಯವಾದವರ ಹೆಸರನ್ನು ತಂಡದ ಪಟ್ಟಿಯಿಂದ ಹೊಡೆದುಹಾಕದೆ, ದಿನಾ ಸಂಜೆ ಅಂಗಳಕ್ಕೆ ಕರೆದು, ಸ್ಕೋರ್ ಬರೆಯಲು ಕೂರಿಸಿ, ಎದುರಾಳಿಯ ರೇಡರ್ ಯಾವ ಕಾಲು ಮುಂದಿಡುತ್ತಾನೆ ಎಂದು ಗಮನಿಸಲು ಹಚ್ಚಬಹುದು.

ಕೊನೆಗೆ ಉಳಿಯುವುದು ತೀರ ಕಷ್ಟದ ಮಾತು. ಎಸಿಎಲ್ ಶಸ್ತ್ರಚಿಕಿತ್ಸೆಯಾದವರಲ್ಲಿ ಸ್ಪರ್ಧಾತ್ಮಕ ಆಟಕ್ಕೆ ಮರಳಿದವರು ಸುಮಾರು 55% ಮಾತ್ರ ಎಂದು ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ 2014ರ ವಿಶ್ಲೇಷಣೆ ಹೇಳುತ್ತದೆ. ಹಾಗೆ ಮರಳದವರಲ್ಲಿ ಕಾಲು ಗಟ್ಟಿಯಾದವರೂ ಇದ್ದಾರೆ. ಕಾಲು ವಾಸಿಯಾಗಿ, ಖರ್ಚೆಲ್ಲ ಮುಗಿದ ಮೇಲೆ ಮಗು ಒಂದು ದಿನ ‘ನಾ ಇನ್ನ ಆಡಂಗಿಲ್ರಿ’ ಎನ್ನಬಹುದು. ಅಂಜಿಕೆಯೋ, ಮನಸ್ಸು ಬೇರೆಡೆ ಹೋಯಿತೋ, ಅದನ್ನೂ ಯಂತ್ರ ತೋರಿಸದು. ನೋವಿನ ಮಾತನ್ನು ನಂಬಿದವರು ಈ ಮಾತನ್ನೂ ನಂಬಬೇಕಾಗುತ್ತದೆ. ಇಷ್ಟೆಲ್ಲ ಮಾಡಿದ್ದು ಯಾತಕ್ಕೆ ಎಂದು ತಂದೆಯ ಬಾಯಿಗೆ ಬರುತ್ತದೆ, ಬರುವುದು ಸಹಜ. ಮಾಡಿದ್ದು ಆಟಗಾರನಿಗೋ ಮಗನಿಗೋ ಎಂದು ಅವರು ಆಗ ತಮ್ಮನ್ನೇ ಕೇಳಿಕೊಳ್ಳಬೇಕು.