ಮುಚ್ಚಿದ ಮೆಡಿಕಲ್ ಶಾಪ್ ಮತ್ತು ಅಮಾನತ್ತು

ಸೊರಬ ತಾಲೂಕಿನ ಹಳ್ಳಿಯೊಂದರಿಂದ ಬಸ್ಸು ಹಿಡಿದು ಪೇಟೆಗೆ ಬಂದ ವೃದ್ಧೆಯೊಬ್ಬರನ್ನು ಊಹಿಸಿಕೊಳ್ಳಿ. ಕೈಯಲ್ಲಿ ಖಾಲಿಯಾದ ಮಾತ್ರೆಯ ತುಂಡು ಸ್ಟ್ರಿಪ್. ಕತ್ತರಿಸಿ ಕೊಟ್ಟದ್ದರಿಂದ ಅದರ ಮೇಲೆ ಹೆಸರೂ ಪೂರ್ತಿಯಿಲ್ಲ. 'ರಾತ್ರಿ ತಿನ್ನುವ ಬಿಳಿ ಗುಳಿಗೆ' ಎಂದರೆ ಅಂಗಡಿಯವರಿಗೆ ಗೊತ್ತಾಗುತ್ತಿತ್ತು. ಇಂದು ಶಟರ್ ಎಳೆದಿದೆ. ಅಂಗಡಿ ಕಾಯಮ್ಮಾಗಿ ಮುಚ್ಚಿತಂತೆ!

ಅಂಗಡಿ ನನ್ನದು, ಮುಚ್ಚುವುದು ನನ್ನಿಷ್ಟ ಎಂದು ಮಾಲಕ ಹೇಳಬಹುದು. ಒಪ್ಪೋಣ. ನಷ್ಟದಲ್ಲೇ ವ್ಯಾಪಾರ ನಡೆಸೆಂದು ಇಸ್ಲಾಮ್ ಯಾರನ್ನೂ ಬಲವಂತಪಡಿಸುವುದಿಲ್ಲ. ಆದರೆ ಇದು ಬಟ್ಟೆ ಅಂಗಡಿಯಲ್ಲ. ಮೂರ್ಛೆ ರೋಗದ ಮಾತ್ರೆ ಹಠಾತ್ತನೆ ನಿಂತರೆ ಫಿಟ್ಸ್ ಮರುಕಳಿಸಬಹುದು. ಇನ್ಸುಲಿನ್‌ನಿಂದಲೇ ಬದುಕಿರುವ ಮಗುವಿಗೆ ಅದು ಒಂದೆರಡು ದಿನ ತಪ್ಪಿದರೂ ಪ್ರಾಣಾಪಾಯ. ವರ್ಷಗಟ್ಟಲೆ ಇವರೆಲ್ಲ ನಿಮ್ಮಲ್ಲಿಟ್ಟ ನಂಬಿಕೆಯೂ ಒಂದು ಅಮಾನತ್ತೇ ಅಲ್ಲವೇ? ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ಒಪ್ಪಿಸಬೇಕೆಂದು ಪವಿತ್ರ ಕುರ್‌ಆನಿನ ಅನ್ನಿಸಾ ಅಧ್ಯಾಯದ 58ನೆಯ ಸೂಕ್ತ ಆದೇಶಿಸುತ್ತದೆ.

ಕ್ರಿ.ಶ. 622ರಲ್ಲಿ ಪ್ರವಾದಿ(ಸ) ಮಕ್ಕಾ ತೊರೆದ ರಾತ್ರಿಯನ್ನು ನೆನೆಯಿರಿ. ಕೊಲ್ಲಲು ಬಂದವರು ಮನೆಯ ಹೊರಗೇ ಹೊಂಚು ಹಾಕಿದ್ದರು. ಹೊರಡುವ ಸುದ್ದಿಯನ್ನು ಸಾರುವಂತಿರಲಿಲ್ಲ. ಆದರೂ ಜನರು ತಮ್ಮ ಬಳಿ ಇಟ್ಟಿದ್ದ ವಸ್ತುಗಳನ್ನು ಮರಳಿಸುವ ಹೊಣೆಯನ್ನು ಹಝ್ರತ್ ಅಲಿ(ರ)ಯವರಿಗೆ ಒಪ್ಪಿಸಿಯೇ ಹೊರಟರು. ನಮಗಿರುವುದಾದರೋ, ಸುದ್ದಿ ತಿಳಿದರೆ ಉದ್ರಿ ವಸೂಲಾಗದೆಂಬ ಭಯ. ಆ ಭಯ ಸುಳ್ಳಲ್ಲ. ಆದರೆ ಕೆಲವರ ಬಾಕಿಗಾಗಿ ಎಲ್ಲ ರೋಗಿಗಳನ್ನೂ ಕತ್ತಲಲ್ಲಿಡುವುದು ಯಾವ ನ್ಯಾಯ?

ಸರಕಾರಿ ಆಸ್ಪತ್ರೆಗಳ ಆವರಣದ ಜನೌಷಧಿ ಕೇಂದ್ರಗಳನ್ನು ಮುಚ್ಚಲು 2025ರ ಮೇ ತಿಂಗಳಲ್ಲಿ ರಾಜ್ಯ ಸರಕಾರ ಆದೇಶಿಸಿದಾಗ ಪತ್ರಿಕೆಗಳು ಬರೆದವು, ವಿಷಯ ಹೈಕೋರ್ಟಿನ ಧಾರವಾಡ ಪೀಠಕ್ಕೂ ಹೋಯಿತು. ಶಿಕಾರಿಪುರದ ಓಣಿಯ ಖಾಸಗಿ ಅಂಗಡಿ ಮುಚ್ಚಿದರೆ ಯಾವ ಪತ್ರಿಕೆ ಬರೆದೀತು? ಹೇಳಬೇಕಾದವನು ಮಾಲಕನೊಬ್ಬನೇ.

ಒಂದು ತಿಂಗಳ ಮೊದಲೇ ಹೇಳಲಿ. ಶಟರಿನ ಮೇಲೆ ಕನ್ನಡ, ಉರ್ದು ಎರಡರಲ್ಲೂ ಬರೆಯಲಿ. ಓದು ಬಾರದವರಿಗೆ ಬಾಯಲ್ಲೇ ತಿಳಿಸಲಿ. ಮುಖ್ಯವಾಗಿ, ಮಾತ್ರೆಯ ಹೆಸರು, ಎಷ್ಟು ಮಿಲಿಗ್ರಾಂ, ಇನ್ನು ಮುಂದೆ ಎಲ್ಲಿ ಸಿಗುತ್ತದೆ ಎಂಬುದನ್ನು ಚೀಟಿಯಲ್ಲಿ ಬರೆದುಕೊಡಲಿ. ಇಲ್ಲಿ ಸಿಗದಿದ್ದರೆ ಶಿವಮೊಗ್ಗಕ್ಕೇ ಹೋಗಬೇಕು, ಸುಮಾರು 50 ಕಿ.ಮೀ. ಜುಮಾ ನಮಾಝಿನ ಬಳಿಕ ಮಸೀದಿಯಲ್ಲಿ ಪ್ರಕಟಿಸುವುದೂ ಒಳ್ಳೆಯದೇ, ಆದರೆ ಗಿರಾಕಿಗಳೆಲ್ಲ ಮುಸ್ಲಿಮರಲ್ಲವಲ್ಲ! ಹಾಲಿನ ಡೈರಿಯಲ್ಲೂ ಬಸ್ ನಿಲ್ದಾಣದಲ್ಲೂ ತಿಳಿಯಬೇಕು.

ನೀವು ಅಂಗಡಿಯವರಲ್ಲವೇ? ಹಾಗಾದರೆ ಇಂದೇ ಮನೆಯ ಹಿರಿಯರ ಮಾತ್ರೆಗಳನ್ನೆಲ್ಲ ಹೊರತೆಗೆದು, ಹೆಸರುಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಮುಚ್ಚಿದ ಶಟರಿನ ಮುಂದೆ ಯಾರಾದರೂ ತುಂಡು ಸ್ಟ್ರಿಪ್ ಹಿಡಿದು ನಿಂತಿದ್ದರೆ, ಅವರಿಗೆ ಮಾತ್ರೆ ಬರೆದುಕೊಟ್ಟ ವೈದ್ಯರ ಬಳಿಯವರೆಗೆ ಜೊತೆಗೆ ಹೋಗಿ ಬನ್ನಿ.