ಕೂಲಿ ಕೊಟ್ಟವನಿಗೆ ಹೆಸರೂ ಸಲ್ಲುವುದೇ?

ವೇಣೂರಿನ ಬಾಹುಬಲಿಯನ್ನು 1604ರಲ್ಲಿ ನಿಲ್ಲಿಸಿದವನು ಅಜಿಲ ಅರಸ ತಿಮ್ಮರಾಜ. ಆ ಮನೆತನದ ಅರಮನೆ ಇಂದಿಗೂ ಅಳದಂಗಡಿಯಲ್ಲಿದೆ. ಮೂರ್ತಿಯ ಇಕ್ಕೆಲದ ಶಾಸನಗಳು ಅರಸನನ್ನೂ ಗುರು ಚಾರುಕೀರ್ತಿಯನ್ನೂ ನೆನೆಯುತ್ತವೆ. ಉಳಿ ಹಿಡಿದವನ ಹೆಸರು ಬೇಕೆಂದರೆ ತುಳು ಜನಪದ ಹಾಡಾದ ಪಾಡ್ದನವನ್ನೇ ಕೇಳಬೇಕು. ಅದು ಹೇಳುವಂತೆ, ಕಾರ್ಕಳದ ಗೊಮ್ಮಟನನ್ನು ಕಡೆದು ಮುಗಿಸಿದ ಬೀರ ಕಲ್ಕುಡನ ಎಡಗೈ, ಬಲಗಾಲನ್ನು ಅಲ್ಲಿನ ಅರಸ ಭೈರರಸ ಕಡಿಸಿದ. ಇಂಥದ್ದು ಇನ್ನೊಂದು ಊರಲ್ಲಿ ಏಳಬಾರದೆಂಬುದೇ ಕಾರಣ. ಕಲ್ಕುಡ ಉಳಿದ ಒಂದೇ ಕೈಯಲ್ಲಿ ವೇಣೂರಿನ ಮೂರ್ತಿ ಕಡೆದ. ಅಣ್ಣನ ಗತಿ ಕಂಡು ತಂಗಿ ಕಲ್ಲುರ್ಟಿ ಸಿಡಿದೆದ್ದಳು. ಇಬ್ಬರೂ ಮಾಯವಾಗಿ ದೈವಗಳಾದರು. ಕಲ್ಲುರ್ಟಿಯನ್ನೇ ಸತ್ಯದೇವತೆಯೆಂದು ನಂಬುವ ಈ ಸೀಮೆಯ ಜನ ಅಳದಂಗಡಿಯ ಸನ್ನಿಧಿಗೆ ಹರಕೆ ಹೊತ್ತು ಬರುತ್ತಾರೆ. ಕಾರ್ಕಳದ ಮೂರ್ತಿ 1432ರದ್ದು, ವೇಣೂರಿನದು 172 ವರ್ಷ ಈಚಿನದು. ಎರಡನ್ನೂ ಒಬ್ಬನೇ ಕಡೆದಿರಲಾರ. ಚರಿತ್ರೆಯಾಗಿ ಈ ಕಥೆ ನಿಲ್ಲದು. ಆದರೆ ಅರಸನಿಗೂ ಕೆಲಸಗಾರನಿಗೂ ಬಿದ್ದ ವ್ಯಾಜ್ಯದಲ್ಲಿ ತುಳುನಾಡು ಯಾರ ಪಕ್ಷ ಹಿಡಿಯಿತು ಎಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ.

ಅದೇ ವ್ಯಾಜ್ಯ ಈಗ ವಿಡಿಯೋ ಗೇಮ್ ಉದ್ಯಮದಲ್ಲಿ ನಡೆಯುತ್ತಿದೆ. ದೊಡ್ಡ ಆಟವೊಂದರ ಕಾರು, ಮರ, ಗೋಡೆಯ ಬಿರುಕು, ಅಂಗಿಯ ಮಡಿಕೆ ಇವೆಲ್ಲ ಅದರ ಮೇಲೆ ಹೆಸರಿರುವ ಕಂಪನಿಯೊಳಗೇ ತಯಾರಾಗುವುದಿಲ್ಲ. 1998ರಲ್ಲಿ ಡಬ್ಲಿನ್‌ನಲ್ಲಿ ಹುಟ್ಟಿದ ಕೀವರ್ಡ್ಸ್, 2004ರಲ್ಲಿ ಶಾಂಘೈಯಲ್ಲಿ ಆರಂಭವಾದ ವರ್ಚುವೋಸ್ ಮುಂತಾದವು ದೇಶದೇಶಗಳಲ್ಲಿ ಶಾಖೆ ತೆರೆದು ಈ ಕೆಲಸವನ್ನು ಗುತ್ತಿಗೆಗೆ ಮಾಡಿಕೊಡುತ್ತವೆ. 1997ರಲ್ಲಿ ಹುಟ್ಟಿದ ಬೆಂಗಳೂರಿನ ಧ್ರುವ ಇಂಟರಾಕ್ಟಿವ್ ಕೂಡ ಈ ದಾರಿ ತುಳಿಯಿತು. 2019ರಲ್ಲಿ ಆಟ ತಯಾರಿಸುವ ರಾಕ್‌ಸ್ಟಾರ್ ಕಂಪನಿ ಅದನ್ನು ಕೊಂಡಿತು. ಇಂಥ ಕೆಲಸಕ್ಕೆ ಗೋಪ್ಯತೆಯ ಕರಾರು ಇದ್ದದ್ದೇ. ಆಟದ ಕೊನೆಯ ಶ್ರೇಯಪಟ್ಟಿಯಲ್ಲಿ ಎಷ್ಟೋ ಸಲ ಗುತ್ತಿಗೆ ಕಂಪನಿಯ ಹೆಸರಷ್ಟೇ ಬರುತ್ತದೆ, ಕೆಲವೊಮ್ಮೆ ಅದೂ ಇಲ್ಲ. 2021ರ ಮೆಟ್ರಾಯ್ಡ್ ಡ್ರೆಡ್ ಆಟದಲ್ಲಿ ಒಟ್ಟು ಅವಧಿಯ ಶೇ. 25ರಷ್ಟಾದರೂ ದುಡಿಯದವರನ್ನು ಪಟ್ಟಿಯಿಂದಲೇ ಕೈಬಿಟ್ಟರು. ಹೆಸರಿಲ್ಲದವನು ಮುಂದಿನ ಕೆಲಸಕ್ಕೆ ಹೋದಾಗ ತೋರಿಸುವುದೇನನ್ನು? ತಾನೇ ಮಾಡಿದ್ದನ್ನು ತನ್ನದೆನ್ನಲು ಕರಾರು ಬಿಡದು. ಕೈ ಉಳಿದಿದ್ದರೂ ಅದರ ಕಸುಬು ಇನ್ನೊಂದು ಊರಿಗೆ ಹೋಗದಂತೆ ತಡೆಯಲಾಗಿದೆ. ಭೈರರಸ ಬಯಸಿದ್ದೂ ಇಷ್ಟೇ.

ಸಂಬಳ ಪಡೆದು, ಸಹಿ ಹಾಕಿ, ಆಮೇಲೆ ಹೆಸರು ಕೇಳುವುದು ಸರಿಯೇ ಎನ್ನುವವರಿದ್ದಾರೆ. ಸಂಬಳ ದುಡಿಮೆಯ ಬೆಲೆ. ಮಾಡಿದವನು ಯಾರೆಂಬುದು ನಡೆದುಹೋದ ಸತ್ಯ. ಅದನ್ನು ಮಾರಲೂ ಬಾರದು, ಕೊಳ್ಳಲೂ ಬಾರದು. ಇದಕ್ಕಿಂತ ತೂಕದ ಆಕ್ಷೇಪ ಗೀತೆಯ ಹೆಸರಲ್ಲಿ ಬರುತ್ತದೆ: ಕರ್ಮ ಮಾಡು, ಫಲದಾಸೆ ಬಿಡು. ಒಪ್ಪೋಣ. ಆದರೆ ತ್ಯಾಗ ಮಾಡಬೇಕಾದವನು ಕರ್ಮ ಮಾಡಿದವನೇ. ಆ ಉಪದೇಶ ಅರ್ಜುನನಿಗೆ ಸಿಕ್ಕಿದ್ದು, ಅರ್ಜುನನ ಪಾಲನ್ನು ಬಾಚಿಕೊಳ್ಳಲು ಕಾದವನಿಗಲ್ಲ. ಇನ್ನೊಬ್ಬನ ವೈರಾಗ್ಯದಿಂದ ಲಾಭ ಮಾಡಿಕೊಳ್ಳುವುದನ್ನು ಯಾವ ಧರ್ಮವೂ ಪುಣ್ಯವೆಂದಿಲ್ಲ. ನಮ್ಮ ಹಳೆಯ ಶಿಲ್ಪಿಗಳೆಲ್ಲ ಅನಾಮಿಕರಾಗಿಯೇ ದುಡಿದರೆಂಬ ಮಾತೂ ಪೂರ್ತಿ ನಿಜವಲ್ಲ. ಬೇಲೂರಿನ ಮದನಿಕೆಯರ ಪೀಠದಲ್ಲಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ಬಿರುದುಗಳ ಸಮೇತ ಹೆಸರು ಕೊರೆದಿದ್ದಾರೆ. ಸೋಮನಾಥಪುರದ ಮೂರ್ತಿಗಳ ಕೆಳಗೆ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ದೇವರ ಮನೆಯಲ್ಲಿ ಕೆತ್ತಿದವರಿಗೇ ಹೆಸರು ಬರೆಯುವುದು ಅಹಂಕಾರವೆನಿಸಲಿಲ್ಲ. ಹೆಸರನ್ನು ತಡೆದರೆ ಅದು ಕಳ್ಳದಾರಿ ಹುಡುಕುತ್ತದೆ ಎಂಬುದಕ್ಕೂ ಸಾಕ್ಷಿಯಿದೆ. ಅಟಾರಿ ಕಂಪನಿ ಹೆಸರು ಹಾಕದಿದ್ದಾಗ ವಾರನ್ ರಾಬಿನೆಟ್ 1980ರ ಅಡ್ವೆಂಚರ್ ಆಟದಲ್ಲಿ ಹಿನ್ನೆಲೆಯ ಬಣ್ಣದಲ್ಲೇ ಕರಗಿಹೋಗುವ ಬೂದು ಚುಕ್ಕೆಯೊಂದನ್ನಿಟ್ಟ. ಅದನ್ನು ಹುಡುಕಿ ಹೊತ್ತೊಯ್ದವರಿಗೆ ಗುಪ್ತ ಕೋಣೆ ತೆರೆಯುತ್ತದೆ. ಅಲ್ಲಿ ಅವನ ಹೆಸರಿದೆ.

ಆಟ ಬಿಡುಗಡೆಯಾಗುವವರೆಗೆ ಗುಟ್ಟು ಬೇಕೆಂಬ ವಾದದಲ್ಲಿ ಹುರುಳಿದೆ. ಬಿಡುಗಡೆಯಾದ ಮೇಲೆ ಆ ಕಾರಣ ಉಳಿಯುವುದಿಲ್ಲ. ನೂರಾರು ಜನರ ಹೆಸರು ಹೇಗೆ ಹಾಕುವುದು ಎನ್ನುವವರು ಸಿನಿಮಾ ಮುಗಿದ ಮೇಲೆ ಎರಡು ನಿಮಿಷ ಕೂತು ನೋಡಲಿ. ಕರ್ನಾಟಕ ಸರ್ಕಾರಕ್ಕೆ ಆನಿಮೇಷನ್, ಗೇಮಿಂಗ್ ಉದ್ಯಮಗಳಿಗೆಂದೇ 2012ರಿಂದ ನೀತಿಯಿದೆ, 2024ರಲ್ಲಿ ಹೊಸತೂ ಬಂದಿದೆ. ಅದರಡಿ ನೆರವು ಪಡೆಯುವ ಪ್ರತಿ ಕಂಪನಿಯೂ ಹೊರದೇಶದ ಗಿರಾಕಿಯೊಡನೆ ಮಾಡಿಕೊಳ್ಳುವ ಕರಾರಿನಲ್ಲಿ, ದುಡಿದ ಪ್ರತಿಯೊಬ್ಬರ ಹೆಸರೂ ಪಟ್ಟಿಗೆ ಸೇರಬೇಕೆಂಬ ಒಂದು ಸಾಲು ಬರೆಸಲಿ.